ನೂರು ಸುತ್ತಿಗೊಂದು ಮಾತು

"ಆರುನೂರ ನಲವತ್ತೋ, ಐವತ್ತೋ, ಗೊತ್ತಿಲ್ಲ ಸಾರ್. ನೀವು ಕೂಗಿದ್ರಲ್ಲ, ಹೋಯ್ತು."

ಅಂಜನಾ ನನ್ನೊಡನೆ ಆಡಿದ ಮೊದಲ ಮಾತು ಇದು. ನಾನು ಕೇಳಿದ್ದು ಅವಳ ಹೆಸರನ್ನು.

ಎರಡು ಸಲ ಮೆಲ್ಲಗೆ ಕೇಳಿದ್ದೆ. ಅವಳು ತಲೆ ಎತ್ತಿರಲಿಲ್ಲ. ಬಲಗೈ ಯಂತ್ರದ ಹಿಡಿಯನ್ನು ತಿರುಗಿಸುತ್ತಿತ್ತು, ಎಡಗೈ ಬೆರಳುಗಳ ನಡುವೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಜಾರುತ್ತಿತ್ತು, ತುಟಿ ಮಾತ್ರ ಏನನ್ನೋ ಜಪಿಸುವಂತೆ ಅಲುಗುತ್ತಿತ್ತು. ಬಿ.ಎಸ್ಸಿ. ಓದಿ ಟೆಸ್ಟಿಂಗ್ ಕೆಲಸಕ್ಕೆ ಬಂದವನಿಗೆ ಇಷ್ಟೂ ಮರ್ಯಾದೆ ಇಲ್ಲವೇ ಎಂದುಕೊಂಡು ಮೂರನೆಯ ಸಲ ಜೋರಾಗಿ ಕೇಳಿದೆ. ಶೆಡ್ಡಿನಲ್ಲಿದ್ದ ಆರು ಯಂತ್ರಗಳೂ ಒಟ್ಟಿಗೆ ನಿಂತವು.

ಅವಳು ಸುತ್ತಿದ್ದಷ್ಟನ್ನೂ ಬಿಚ್ಚತೊಡಗಿದಳು. ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

"ನಮ್ಮದೂ ಹೋಯ್ತು ಸಾರ್," ಎಂದಳು ಪಕ್ಕದ ಯಂತ್ರದ ಬೋರಮ್ಮ. ವಯಸ್ಸಾದ ಹೆಂಗಸು, ಬಾಯಿ ತುಂಬ ಎಲೆ ಅಡಿಕೆ. "ಇಲ್ಲಿ ಮಾತಾಡ್ಬೇಕು ಅಂದ್ರೆ ಕಡ್ಡಿ ಇಡೋವರೆಗೂ ತಡ್ಕೋಬೇಕು. ನೂರು ಸುತ್ತಿಗೆ ಒಂದು ಬೆಂಕಿಕಡ್ಡಿ. ಕಡ್ಡಿ ಇಟ್ಟಾಗ ಒಂದು ಮಾತು. ಅಷ್ಟೇ ನೋಡಿ ನಮ್ಮ ಪುರುಸೊತ್ತು."

೧೯೮೫ರ ಜೂನ್ ಅದು. ಟಿವಿ ಕೊಂಡವರೆಲ್ಲ ಜೊತೆಗೊಂದು ಸ್ಟೆಬಿಲೈಜರ್ ಕೊಳ್ಳುತ್ತಿದ್ದ ಕಾಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಹಿಂದಿನ ರಸ್ತೆಯಲ್ಲಿ ವೆಂಕಟರಮಣಪ್ಪನವರ ಶೆಡ್ಡು ಆ ಸ್ಟೆಬಿಲೈಜರುಗಳಿಗೆ ಕಾಯಿಲ್ ಸುತ್ತಿ ಕೊಡುತ್ತಿತ್ತು. ಯಂತ್ರಗಳಲ್ಲಿ ಸುತ್ತು ಎಣಿಸುವ ಕೌಂಟರ್‌ಗಳು ಆರಕ್ಕೆ ಆರೂ ಕೆಟ್ಟು ವರ್ಷಗಳಾಗಿದ್ದವು. ಹೆಂಗಸರು ಬಾಯಲ್ಲೇ ಎಣಿಸುತ್ತಿದ್ದರು. ಹತ್ತು ಸುತ್ತು ಹೆಚ್ಚು ಕಡಿಮೆಯಾದರೂ ನನ್ನ ಮೀಟರಿನ ಮುಳ್ಳು ಅದನ್ನು ಹೇಳಿಬಿಡುತ್ತಿತ್ತು.

ಅಂಜನಾಳ ಕಾಯಿಲ್‌ಗಳಲ್ಲಿ ಮುಳ್ಳು ಎಂದೂ ತಪ್ಪು ಜಾಗದಲ್ಲಿ ನಿಲ್ಲಲಿಲ್ಲ.

ನನ್ನ ಹೆಸರು ಗವಿರಂಗ. ಮಾಗಡಿ ಕಡೆಯವನು. ಬಸವೇಶ್ವರನಗರದಲ್ಲಿ ಒಂದು ರೂಮು. ಪದವಿ ಮುಗಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೂತೆ, ಟ್ಯೂಷನ್ ಹೇಳಿದೆ, ಆಮೇಲೆ ಈ ಶೆಡ್ಡು. ಎಲ್ಲವೂ ಬ್ಯಾಂಕ್ ಕೆಲಸ ಸಿಗುವವರೆಗೆ. ಮೂರು ಸಲ ಪರೀಕ್ಷೆ ಬರೆದಿದ್ದೆ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಇನ್ನೊಂದೇ ಸಲ ಉಳಿದಿತ್ತು.

ನಾನು ಹೆಚ್ಚು ಮಾತಿನವನಲ್ಲ. ಜನರ ನಡುವೆ ಮಾತು ತೀರಿದ ಮೇಲೆ ಉಳಿಯುವುದು ನನಗೆ ಹಿಡಿಸುತ್ತದೆ. ಬಹುಶಃ ಅದಕ್ಕೇ ಆ ಶೆಡ್ಡು ನನ್ನನ್ನು ಹಿಡಿದುಕೊಂಡಿತು.

ಒಂದು ವಾರ ಬಿಟ್ಟು ಅವಳ ಯಂತ್ರದ ಹತ್ತಿರ ನಿಂತೆ. ಅವಳು ಕಡ್ಡಿ ಇಟ್ಟಳು.

"ಅವತ್ತು ತಪ್ಪಾಯ್ತು," ಎಂದೆ.

ಹಿಡಿ ತಿರುಗತೊಡಗಿತು. ನೂರು ಸುತ್ತಿಗೆ ಎರಡು ನಿಮಿಷ. ಹೊರಗೆ ಲಾರಿಯೊಂದು ರಿವರ್ಸ್ ತೆಗೆದುಕೊಂಡು ಹೋಯಿತು. ಇನ್ನೊಂದು ಕಡ್ಡಿ ಇಟ್ಟಳು.

"ಅಂಜನಾ," ಎಂದಳು. ಮತ್ತೆ ತಿರುಗಿಸಿದಳು.

ನಾನು ಕೇಳಿ ಒಂದು ವಾರವಾಗಿದ್ದ ಪ್ರಶ್ನೆಗೆ ಉತ್ತರ ಬಂದಿತ್ತು.

ಆಮೇಲೆ ಹಾಗೆಯೇ ನಡೆಯಿತು. ನಾನೊಂದು ಮಾತು, ನೂರು ಸುತ್ತು, ಅವಳೊಂದು ಮಾತು. ಅವಸರದ ಉತ್ತರ ಎನ್ನುವುದೇ ನಮ್ಮ ನಡುವೆ ಇರಲಿಲ್ಲ. ಅವಳಾಡಿದ ಒಂದು ವಾಕ್ಯವನ್ನು ಎರಡು ನಿಮಿಷ ಕೈಯಲ್ಲಿ ಹಿಡಿದು ನೋಡಲು ನನಗೆ ಸಮಯವಿರುತ್ತಿತ್ತು. ಎಂಬತ್ತು ದಾಟಿದಾಗ ಅವಳ ಎಡಗಡೆಯ ಕೆನ್ನೆಯಲ್ಲಿ ಸಣ್ಣ ಗುಳಿ ಮೂಡುತ್ತಿತ್ತು. ಮುಂದಿನ ಮಾತು ತಮಾಷೆಯದು ಎಂದು ನನಗೆ ಮುಂಚೆಯೇ ತಿಳಿಯುತ್ತಿತ್ತು.

"ಸಾರ್," ಎಂದಳು ಒಂದು ದಿನ ಬೋರಮ್ಮ, "ಆ ಹುಡುಗಿ ಕಾಯಿಲ್ ಹತ್ರಾನೇ ನಿಂತು ನಿಂತು ನಿಮ್ಮ ಕಾಲೇ ಬೇರು ಬಿಟ್ಕೊಂತು. ಸ್ವಲ್ಪ ನಮ್ಮ ಕಡೇನೂ ಟೆಸ್ಟ್ ಮಾಡಿ."

"ನಿಮ್ಮದು ಯಾವಾಗ್ಲೂ ಸರಿ ಇರುತ್ತಲ್ಲ ಬೋರಮ್ಮಾ."

"ಅವಳದ್ದೂ ಸರಿನೇ ಇರುತ್ತೆ. ಅದು ನಿಮಗೂ ಗೊತ್ತು, ನಮಗೂ ಗೊತ್ತು."

ಅಂಜನಾ ನಗಲಿಲ್ಲ, ಎಣಿಸುತ್ತಿದ್ದಳು. ಆದರೆ ಕಿವಿಯ ತುದಿ ಕೆಂಪಾಗಿತ್ತು.

ಡಿಸೆಂಬರಿನಲ್ಲಿ ಕೊನೆಯ ಪರೀಕ್ಷೆ ಬರೆದು ಬಂದೆ. ಅಷ್ಟು ಹೊತ್ತಿಗೆ ಅವಳ ಬಗ್ಗೆ ತಿಳಿಯಬೇಕಾದದ್ದು ತಿಳಿದಿತ್ತು. ಮಾರೇನಹಳ್ಳಿಯ ಹಳೆಯ ಊರಿನವರು. ಎಸ್ಸೆಸ್ಸೆಲ್ಸಿ ಮುಗಿಸಿ ಏಳು ವರ್ಷದಿಂದ ಇದೇ ಶೆಡ್ಡು. ತಂದೆ ಮುನಿರಾಮಯ್ಯ ಎರಡು ಹಸು ಕಟ್ಟಿಕೊಂಡು ವಿಜಯನಗರದ ಮನೆಗಳಿಗೆ ಹಾಲು ಹಾಕುತ್ತಿದ್ದರು.

ಬಸ್ ಸ್ಟಾಪಿನವರೆಗೂ ಜೊತೆಯಲ್ಲಿ ನಡೆಯುತ್ತಿದ್ದೆವು. ಒಂದು ಸಂಜೆ ಅವಳು ಕೇಳಿದಳು, "ನಿಮ್ಮ ರೂಮಲ್ಲಿ ಏನೇನಿದೆ ಸಾರ್?"

"ಟ್ರಂಕು. ಚಾಪೆ. ಪುಸ್ತಕ."

"ಒಲೆ?"

"ಮೆಸ್ಸಲ್ಲಿ ತಿಂತೀನಿ."

"ಬಟ್ಟೆ ಯಾವುದರ ಮೇಲೆ ಹಾಕ್ತೀರ?"

"ಟ್ರಂಕಲ್ಲೇ ಇರುತ್ತೆ. ಬ್ಯಾಂಕ್ ಕೆಲಸ ಬಂದ್ರೆ ಯಾವ ಊರಿಗೋ ಏನೋ. ಸುಮ್ನೆ ಯಾಕೆ ಹರಡಿಕೊಳ್ಳೋದು?"

ಅವಳು ನಿಂತು ನನ್ನನ್ನು ನೋಡಿದಳು. "ನಾಲ್ಕು ವರ್ಷದಿಂದ ಬಸ್ ಸ್ಟಾಂಡಲ್ಲಿ ಕೂತಿದ್ದೀರ ಅನ್ನಿ."

ನಗುತ್ತಲೇ ಅಂದಳು. ಆದರೂ ಆ ಮಾತು ರೂಮಿನವರೆಗೂ ನನ್ನ ಜೊತೆ ಬಂತು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವಳು ಕಡ್ಡಿ ಇಟ್ಟ ಗಳಿಗೆಯಲ್ಲಿ ಹೇಳಿಬಿಟ್ಟೆ. "ಬ್ಯಾಂಕ್ ಕೆಲಸ ಸಿಕ್ಕಿದ ತಕ್ಷಣ ನಿಮ್ಮನೆಗೆ ಬಂದು ಕೇಳ್ತೀನಿ."

ಹಿಡಿ ತಿರುಗಿತು. ಆ ನೂರು ಸುತ್ತು ಎಷ್ಟು ಉದ್ದವಿತ್ತೆಂದು ನನಗೆ ಮಾತ್ರ ಗೊತ್ತು. ಕೆನ್ನೆಯ ಗುಳಿ ಮೂಡಲಿಲ್ಲ.

"ಸಿಗದೆ ಹೋದ್ರೆ?"

"ಸಿಗುತ್ತೆ."

ಇನ್ನೊಂದು ನೂರು.

"ನಾನು ಕೇಳಿದ್ದು ಅದಲ್ಲ."

ಅಂದು ಸಂಜೆ ಬಸ್ ಸ್ಟಾಪಿನಲ್ಲಿ ಅವಳೇ ಮುಂದುವರಿಸಿದಳು. ಕೆಂಗೇರಿಯ ಸೋದರತ್ತೆ ತನ್ನ ಮಗನಿಗೆ ಅವಳನ್ನು ಕೇಳಿದ್ದರು. ಹುಡುಗನಿಗೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸ. ಯುಗಾದಿಗೆ ಉತ್ತರ ಕೊಡುತ್ತೇನೆಂದು ತಂದೆ ಹೇಳಿ ಕಳಿಸಿದ್ದರು.

"ಬರೋದಾದ್ರೆ ಈ ಭಾನುವಾರ ಬನ್ನಿ. ಹೇಗಿದ್ದೀರೋ ಹಾಗೇ ಬನ್ನಿ. ಬ್ಯಾಂಕನ್ನ ತಲೆ ಮೇಲೆ ಹೊತ್ಕೊಂಡು ಬರಬೇಡಿ."

"ಆಯ್ತು," ಎಂದೆ.

ಆದರೆ ಹೊತ್ತುಕೊಂಡೇ ಹೋದೆ.

ಮುನಿರಾಮಯ್ಯ ಮನೆ ಮುಂದೆ ಹಸುವಿನ ಮೈ ತೊಳೆಯುತ್ತಿದ್ದರು. ಗಿಡ್ಡ ದೇಹ, ಮಂಡಿಯ ಮೇಲಕ್ಕೆ ಕಟ್ಟಿದ ಪಂಚೆ. ನಾನು ಬಂದ ವಿಷಯ ಹೇಳಿದೆ. ಅವರು ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, ಜಗಲಿಯ ಮೇಲೆ ಜಾಗ ತೋರಿಸಿದರು. ಅವಳ ತಾಯಿ ರಾಮಕ್ಕ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಒಳಗಿನ ಕತ್ತಲಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು.

"ಏನ್ ಮಾಡ್ತಾ ಇದ್ದೀಯಪ್ಪಾ?"

"ಸದ್ಯಕ್ಕೆ ಒಂದು ಶೆಡ್ಡಲ್ಲಿ ಟೆಸ್ಟಿಂಗ್. ಆದ್ರೆ ಬ್ಯಾಂಕ್ ಪರೀಕ್ಷೆ ಬರೆದಿದ್ದೀನಿ. ರಿಸಲ್ಟ್ ಬರಬೇಕು. ಬಂದ ಮೇಲೆ..."

"ಸದ್ಯಕ್ಕೆ ಅಂತ ಎಷ್ಟು ವರ್ಷ ಆಯ್ತು?"

ಲೆಕ್ಕ ಹಾಕುವಂತೆ ಬೆರಳು ಮಡಿಸಿದೆ. ಲೆಕ್ಕ ಗೊತ್ತಿತ್ತು. "ನಾಲ್ಕು."

ಮುನಿರಾಮಯ್ಯ ರಸ್ತೆಯ ಆಚೆಗಿದ್ದ ಮನೆಗಳ ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಅಲ್ಲಿ ನಮ್ಮ ಹೊಲ ಇತ್ತು. ರಾಗಿ ಬೆಳೀತಿದ್ವಿ. ಲೇಔಟ್ ಮಾಡ್ತೀವಿ, ಬದಲಿಗೆ ಸೈಟ್ ಕೊಡ್ತೀವಿ ಅಂದ್ರು. ಕಾದೆ. ನಾಳೆ ಸೈಟ್ ಬರುತ್ತೆ, ಇವತ್ಯಾಕೆ ದುಡೀಲಿ ಅಂತ ಕೂತೆ. ಹನ್ನೊಂದು ವರ್ಷ ಕಣಪ್ಪಾ. ಕೈಯಲ್ಲಿ ಕಾಗದ ಹಿಡ್ಕೊಂಡು ಆಫೀಸಿಂದ ಆಫೀಸಿಗೆ. ಇವಳು ಕೂಲಿ ಮಾಡಿ ಮಕ್ಕಳನ್ನ ಸಾಕಿದ್ಲು." ರಾಮಕ್ಕ ತಲೆ ತಗ್ಗಿಸಿದರು. "ಸೈಟ್ ಬರಲಿಲ್ಲ. ಅದಕ್ಕಲ್ಲ ನಂಗೆ ಬೇಜಾರು. ಹನ್ನೊಂದು ವರ್ಷ ನಾನು ಈ ಮನೇಲಿ ಇರಲೇ ಇಲ್ಲವಲ್ಲ, ಅದಕ್ಕೆ."

ಹಸು ಬಾಲ ಬೀಸಿತು. ನನ್ನ ಷರಟಿನ ಮೇಲೆ ನೀರು ಸಿಡಿಯಿತು.

"ಬಡವನಿಗೆ ಮಗಳನ್ನ ಕೊಡ್ತೀನಿ. ಕಾಯೋನಿಗೆ ಕೊಡಲ್ಲ," ಎಂದು ಎದ್ದು ಬಕೆಟ್ ಹಿಡಿದರು.

ಸೋಮವಾರ ಅಂಜನಾ ಕಡ್ಡಿಗಳನ್ನು ಇಟ್ಟಳು, ಆದರೆ ಕೈ ನಿಲ್ಲಿಸಲಿಲ್ಲ. ಬಲಗೈ ತಿರುಗಿಸುತ್ತಲೇ ಇತ್ತು, ಎಡಗೈ ಮಾತ್ರ ತಂತಿ ಬಿಟ್ಟು ಹಿಡಿಯುವಷ್ಟರಲ್ಲಿ ಕಡ್ಡಿ ಸರಿಸುತ್ತಿತ್ತು. ನೂರು, ಇನ್ನೂರು, ಎಂಟುನೂರು. ಮಾತಿಗೆ ಒಂದು ಬಿರುಕೂ ಇರಲಿಲ್ಲ. ಮೌನವನ್ನು ಪ್ರೀತಿಸುವವನು ನಾನು. ಅಂದಿನ ಮೌನ ಬೇರೆಯದು. ಅದು ನನ್ನ ಕಡೆ ಬೆನ್ನು ತಿರುಗಿಸಿ ಕೂತಿತ್ತು. ಬೋರಮ್ಮನೂ ತಮಾಷೆ ಮಾಡಲಿಲ್ಲ.

ಸಂಜೆ ರಸ್ತೆಯಲ್ಲಿ ಅವಳ ಹಿಂದೆ ಓಡಿದೆ.

"ನಿಮ್ಮಪ್ಪನಿಗೆ ನನ್ನ ಕೆಲಸ ಇಷ್ಟ ಆಗಲಿಲ್ಲ."

"ಸುಳ್ಳು." ತಿರುಗಿ ನಿಂತಳು. "ನಿಮಗೇ ಆ ಕೆಲಸ ಇಷ್ಟ ಇಲ್ಲ ಅನ್ನೋದು ಅಪ್ಪನಿಗೆ ಕಾಣಿಸ್ತು. 'ಒಂದು ಶೆಡ್ಡು' ಅಂದ್ರಿ. ಆ ಒಂದು ಶೆಡ್ಡಲ್ಲೇ ನಾನು ಏಳು ವರ್ಷದಿಂದ ಇರೋದು. ನಾನೂ ನಿಮಗೆ ಸದ್ಯಕ್ಕೇನಾ?"

"ಅಂಜನಾ..."

"ನಂಗೂ ದೊಡ್ಡ ಮನೆ ಬೇಡ ಅಂತಲ್ಲ. ಸಿಕ್ಕಿದ್ರೆ ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ಎದ್ದು ಇವತ್ತು ಅನ್ನೋದು ನಂದು ಅಂತ ಅನ್ನಿಸ್ಬೇಕು. ನಿಮ್ಮ ಜೊತೆ ಬಂದು ನಾನೂ ಟ್ರಂಕಲ್ಲಿ ಕೂತ್ಕೋಬೇಕಾ?"

ಬಸ್ಸು ಬಂತು. ಹತ್ತಿದಳು. ಕಿಟಕಿಯಿಂದಲೂ ನೋಡಲಿಲ್ಲ.

ರೂಮಿಗೆ ಹೋಗಿ ಬಾಗಿಲು ತೆರೆದೆ. ಬಾಗಿಲಲ್ಲೇ ನಿಂತು ನೋಡಿದೆ. ನಾಲ್ಕು ವರ್ಷ ಒಬ್ಬ ಮನುಷ್ಯ ಬದುಕಿದ ಗುರುತು ಆ ಗೋಡೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ಮೊಳೆಯೂ ಇಲ್ಲ. ನಾಳೆ ನಾನು ಇಲ್ಲವಾದರೆ ಮನೆ ಮಾಲೀಕರು ಸುಣ್ಣ ಹೊಡೆಸುವ ಅಗತ್ಯವೂ ಇರಲಿಲ್ಲ. ನನಗಾದದ್ದು ದುಃಖವಲ್ಲ, ಭಯ. ಆ ಭಯ ಮೆಲ್ಲನೆ ಗಟ್ಟಿಯಾಗುತ್ತ ಬೇರೇನೋ ಆಯಿತು.

ಮಾಲೀಕರ ಹೆಂಡತಿ ಅಂಜಮ್ಮನವರ ಹತ್ತಿರ ಸುತ್ತಿಗೆ ಕೇಳಿದೆ.

"ಏನಾಯ್ತಪ್ಪಾ? ಖಾಲಿ ಮಾಡ್ತಿದ್ದೀಯಾ?"

"ಇಲ್ಲ ಆಂಟಿ. ಇರೋಣ ಅಂತ."

ಮೂರು ಮೊಳೆ ಹೊಡೆದೆ. ಷರಟುಗಳನ್ನು ನೇತುಹಾಕಿದೆ. ಮರುದಿನ ಸೀಮೆಎಣ್ಣೆ ಸ್ಟೋವ್ ತಂದೆ, ಒಂದು ಪಾತ್ರೆ, ರಾಗಿಹಿಟ್ಟು. ಬ್ಯಾಂಕ್ ಪರೀಕ್ಷೆಯ ಗೈಡುಗಳನ್ನು ಪಕ್ಕದ ಬೀದಿಯ ಒಬ್ಬ ವಿದ್ಯಾರ್ಥಿಗೆ ಕೊಟ್ಟೆ.

ಶೆಡ್ಡಿನಲ್ಲಿ ವೆಂಕಟರಮಣಪ್ಪನವರ ಮೇಜಿನ ಮುಂದೆ ನಿಂತೆ. "ಸಾರ್, ಆ ಕೌಂಟರ್‌ಗಳನ್ನ ನಾನು ಬಿಚ್ಚಿ ನೋಡ್ತೀನಿ. ಆರೂ ರಿಪೇರಿ ಆಗುತ್ತೆ ಅನ್ಸುತ್ತೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಒಂಬತ್ತು ತಿಂಗಳಿಂದ ದಿನಾ ಅದರ ಪಕ್ಕದಲ್ಲೇ ಓಡಾಡ್ತಿದ್ದೆ. ಇವತ್ತು ಕಾಣಿಸ್ತಾ?"

"ಇವತ್ತು ಕಾಣಿಸ್ತು ಸಾರ್."

"ರಿಪೇರಿ ಮಾಡಿ ಬ್ಯಾಂಕಿಗೆ ಓಡಿ ಹೋಗ್ತೀಯ."

"ಕರೆದ್ರೆ ನಿಮಗೆ ಹೇಳೇ ಹೋಗ್ತೀನಿ. ಕರೆಯೋವರೆಗೂ ಇಲ್ಲಿ ಅರ್ಧ ಇರಲ್ಲ, ಪೂರ್ತಿ ಇರ್ತೀನಿ. ಶೆಡ್ಡಿನ ಜವಾಬ್ದಾರಿ ಕೊಡಿ."

ಅವರು ಸಣ್ಣ ಸ್ಕ್ರೂಡ್ರೈವರ್‌ಗಳ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೊಂದಾಗಿ ಬಿಚ್ಚಿದೆ. ಧೂಳು, ಗಟ್ಟಿಯಾದ ಗ್ರೀಸು, ಸವೆದ ಹಲ್ಲಿನ ಪುಟ್ಟ ಚಕ್ರಗಳು. ಎರಡು ಚಕ್ರಗಳನ್ನು ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಹೊಸದಾಗಿ ಮಾಡಿಸಿದೆ. ಕೆಲಸ ಹೀಗೆ ಬೆರಳಿಗೆ ಅಂಟಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಂಜನಾ ತನ್ನ ಡಬ್ಬಿ ಹಿಡಿದು ದೂರದಲ್ಲಿ ಕೂತು ಊಟ ಮಾಡುತ್ತಿದ್ದಳು. ಮೊದಲ ದಿನ ನೋಡಲಿಲ್ಲ. ಎರಡನೆಯ ದಿನ ಬೋರಮ್ಮನನ್ನು ನೋಡುವ ನೆಪದಲ್ಲಿ ನೋಡಿದಳು. ಮೂರನೆಯ ದಿನ ನೆಪವಿಲ್ಲದೆ ನೋಡಿದಳು.

ನಾನು ನನ್ನ ಡಬ್ಬಿ ತೆರೆದೆ. ಬೋರಮ್ಮ ಇಣುಕಿದಳು.

"ಏನ್ ಸಾರ್ ಇದು?"

"ಮುದ್ದೆ. ನಾನೇ ಮಾಡಿದ್ದು."

ಬೋರಮ್ಮ ಬೆರಳಿನಿಂದ ಒತ್ತಿ ನೋಡಿದಳು. "ತೆಗೆದು ಯಂತ್ರಕ್ಕೆ ಹಾಕಿ. ಇದರ ಮೇಲೂ ತಂತಿ ಸುತ್ತಬಹುದು."

ಎಲ್ಲರೂ ನಕ್ಕರು. ಅಂಜನಾ ಎದ್ದು ಬಂದು ಮುದ್ದೆಯ ಒಂದು ತುಂಡು ಮುರಿದು, ತನ್ನ ಡಬ್ಬಿಯ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದಳು. ಕಣ್ಣಲ್ಲಿ ನೀರು ಬಂತು.

"ಗಂಟು," ಎಂದಳು. "ಹಿಟ್ಟು ಹಾಕಿದ ತಕ್ಷಣ ತಿರುವಬಾರದು. ಬೇಯೋಕೆ ಬಿಡ್ಬೇಕು."

"ನಾಳೆ ಬಿಡ್ತೀನಿ."

"ನಾಳೇನೂ ಮಾಡ್ತೀರಾ?"

"ದಿನಾ."

ಅವಳು ಸಾರಿನ ಡಬ್ಬಿಯನ್ನು ನನ್ನ ಹತ್ತಿರವೇ ಬಿಟ್ಟು ಹೋದಳು.

ಆರೂ ಕೌಂಟರ್‌ಗಳು ಓಡಿದ ದಿನ ಶೆಡ್ಡಿನಲ್ಲಿ ಗಲಾಟೆಯೋ ಗಲಾಟೆ. ಹೆಂಗಸರು ಏಳು ವರ್ಷದ ಮಾತನ್ನೆಲ್ಲ ಒಂದೇ ಮಧ್ಯಾಹ್ನ ಆಡಿ ಮುಗಿಸುವವರಂತಿದ್ದರು. ಅಂಜನಾ ಹಿಡಿ ತಿರುಗಿಸುತ್ತಲೇ ನನ್ನ ಕಡೆ ಮುಖ ಎತ್ತಿದಳು. ಕೆಲಸ ಮಾಡುತ್ತಿರುವಾಗ ಅವಳ ಕಣ್ಣನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು.

"ಯುಗಾದಿಗೆ ಇನ್ನು ಒಂಬತ್ತು ದಿನ ಇದೆ," ಎಂದಳು.

"ಗೊತ್ತು. ಭಾನುವಾರ ಬರ್ತೀನಿ."

"ರಿಸಲ್ಟು?"

"ಅದು ಬಂದಾಗ ಬರಲಿ. ನಾನು ಭಾನುವಾರ ಬರ್ತೀನಿ."

ಮುನಿರಾಮಯ್ಯ ಈ ಸಲ ಹಾಲು ಕರೆಯುತ್ತಿದ್ದರು. ತಿರುಗಿ ನೋಡದೆ ಕೇಳಿದರು, "ಏನ್ ಮಾಡ್ತಾ ಇದ್ದೀಯಪ್ಪಾ?"

"ರಾಜಾಜಿನಗರದಲ್ಲಿ ಕಾಯಿಲ್ ಸುತ್ತೋ ಶೆಡ್ಡಲ್ಲಿದ್ದೀನಿ. ಟೆಸ್ಟಿಂಗೂ ನಂದೇ, ಯಂತ್ರಗಳ ಜವಾಬ್ದಾರಿನೂ ನಂದೇ. ಬರೋ ಸಂಬಳದಲ್ಲಿ ಸುಂಕದಕಟ್ಟೇಲಿ ಒಂದು ಶೀಟಿನ ಮನೆ ಹಿಡೀಬಹುದು. ಅಡಿಗೆ ಬರುತ್ತೆ, ಮುದ್ದೇಲಿ ಸ್ವಲ್ಪ ಗಂಟು ಇರುತ್ತೆ. ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಪಾತ್ರೆಗೆ ಹಾಲು ಬೀಳುವ ಸದ್ದು ನಿಂತಿತು.

"ಬ್ಯಾಂಕು?"

"ಕರೆದ್ರೆ ಹೋಗ್ತೀನಿ. ಸುಳ್ಳು ಹೇಳಲ್ಲ, ಸಿಕ್ಕಿದ್ರೆ ಖುಷಿನೇ. ಕರೀದೆ ಇದ್ರೆ ಇದೇ ನನ್ನ ಕೆಲಸ. ಆದ್ರೆ ಅದಕ್ಕೋಸ್ಕರ ಇನ್ನು ಒಂದು ದಿನಾನೂ ಕಾಯಲ್ಲ."

ಮುನಿರಾಮಯ್ಯ ಹಸುವಿನ ಹೊಟ್ಟೆಗೆ ಹಣೆ ಆನಿಸಿದರು. ನಾನು ನಿಂತಿದ್ದೆ. ಕಾಲು ಹಿಂದಕ್ಕೆ ಇಡುವ ಯೋಚನೆ ಇರಲಿಲ್ಲ. ಇವತ್ತು ಬೇಡ ಎಂದರೆ ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಎಂದು ನಿರ್ಧರಿಸಿದ್ದೆ.

"ರಾಮಕ್ಕಾ," ಎಂದು ಕೂಗಿದರು. "ಕೆಂಗೇರಿಯೋರಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳ್ಬೇಕು ಕಣೇ. ಅಕ್ಕನಿಗೆ ಕೋಪ ಬರುತ್ತೆ. ನಾನೇ ಹೋಗಿ ಬೈಸ್ಕೊಂಡು ಬರ್ತೀನಿ."

ಒಳಗಿಂದ ಅಂಜನಾಳ ದನಿ ಬಂತು. "ಅಪ್ಪಾ, ಅವರಿಗೆ ಸದ್ಯಕ್ಕೆ ಒಂದು ಲೋಟ ಕಾಫಿ ಕೊಡ್ಲಾ?"

ಮುನಿರಾಮಯ್ಯ ನಕ್ಕಿದ್ದನ್ನು ಅಂದು ಮೊದಲು ಕಂಡೆ. ಮುಂದಿನ ಹಲ್ಲು ಒಂದಿರಲಿಲ್ಲ.

ವೈಶಾಖದಲ್ಲಿ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಲ್ಲಿ ಮದುವೆಯಾಯಿತು. ನನ್ನ ತಂದೆ ಚಿಕ್ಕಹನುಮಯ್ಯ ಬ್ಯಾಂಕಿನ ಮಗನ ಮದುವೆಗೆಂದು ಎತ್ತಿಟ್ಟಿದ್ದ ಜರಿ ಪಂಚೆಯನ್ನು ಶೆಡ್ಡಿನ ಮಗನ ಮದುವೆಗೇ ಉಟ್ಟುಕೊಂಡು ಬಂದರು.

ಜುಲೈಯಲ್ಲಿ ಬ್ಯಾಂಕ್ ಪರೀಕ್ಷೆಯ ಪಟ್ಟಿ ಬಂತು.

ಬೆಳಿಗ್ಗೆ ಏಳಕ್ಕೆ ಸುಂಕದಕಟ್ಟೆಯ ಅಂಗಡಿಯಿಂದ ಪೇಪರ್ ತಂದು ಹೊಸ್ತಿಲ ಮೇಲೆ ಕೂತೆ. ಇಡೀ ಪುಟ ನಂಬರುಗಳು. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು. ಆಮೇಲೆ ಸ್ಟೋವಿನ ಸದ್ದು ನಿಂತಿತು. ಅವಳು ಬಂದು ಪಕ್ಕದಲ್ಲಿ ಕೂತಳು. ನಾನು ಪುಟದ ಕೊನೆಯವರೆಗೂ ಹೋಗಿ, ಮತ್ತೆ ಮೇಲಿನಿಂದ ಬಂದು, ಇನ್ನೊಂದು ಸಲ ನೋಡಿದೆ.

"ಇಲ್ಲ," ಎಂದೆ.

ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನಾಲ್ಕು ವರ್ಷ ಎದೆಯೊಳಗೆ ಇಟ್ಟುಕೊಂಡಿದ್ದ ಒಂದು ಊರು, ಒಂದು ಮೇಜು, ಒಂದು ಹೆಸರಿನ ಫಲಕ, ಎಲ್ಲವೂ ಆ ಒಂದು ಮಾತಿನಲ್ಲಿ ಹೋದವು. ಇನ್ನು ಅವು ಎಂದಿಗೂ ಬರುವುದಿಲ್ಲ. ಅವಳು ನನ್ನ ಮಂಡಿಯ ಮೇಲೆ ಕೈ ಇಟ್ಟಳು. ಬೆರಳ ತುದಿಗಳು ತಂತಿ ಜಾರಿ ಜಾರಿ ಒರಟಾಗಿದ್ದವು. ಎದುರು ಮನೆಯವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಒಳಗೆ ಹೋದರು. ನಾವು ಇನ್ನೂ ಕೂತೇ ಇದ್ದೆವು.

"ರೀ, ಅಳಬೇಕು ಅನ್ಸಿದ್ರೆ ಈಗಲೇ ಅತ್ತುಬಿಡಿ," ಎಂದಳು ಮೆಲ್ಲಗೆ. "ಎಂಟೂವರೆಗೆ ಬಸ್ಸು."

ನಗು ಬಂತು. ನಗುತ್ತಲೇ ಸ್ವಲ್ಪ ಅತ್ತೆನೇನೋ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಸಾಸಿವೆಯ ವಾಸನೆ ಇತ್ತು.

ಎದ್ದು ಪೇಪರನ್ನು ಅವಳ ಕೈಗೆ ಕೊಟ್ಟೆ. "ಗೂಡಿಗೆ ಹಾಸೋಕೆ ಕಾಗದ ಬೇಕು ಅಂತಿದ್ದೆಯಲ್ಲ. ತಗೋ."

"ಸರಿಯಾಗಿ ನೋಡಿದ್ರಾ?"

"ಮೂರು ಸಲ."

ಅವಳು ಆ ಪುಟವನ್ನು ಉದ್ದಕ್ಕೆ ಮಡಿಸಿ, ಅಡುಗೆಮನೆಯ ಗೂಡಿನಲ್ಲಿ ಹಾಸಿ, ಅಂಚನ್ನು ಅಂಗೈಯಿಂದ ನೀವಿದಳು. ಮೆಣಸಿನಪುಡಿಯ ಡಬ್ಬಿಯನ್ನು ನಾನಿಟ್ಟೆ. ಉಪ್ಪಿನ ಜಾಡಿಯನ್ನು ಅವಳಿಟ್ಟಳು. ಆಮೇಲೆ ಬೀಗ ಹಾಕಿಕೊಂಡು ಬಸ್ಸಿಗೆ ಹೊರಟೆವು.